ಕೊಡಚಾದ್ರಿ ಹತ್ತಿದವರಿಗೆ ಬಾಲಿಯ ಬಾತೂರ್ ಬೇಕೇ? ಗೈಡ್ ಜೊತೆ ಚಾರಣವೋ, ಜೀಪೋ, ರಸ್ತೆಬದಿಯ ನೋಟವೋ

ಬಾಲಿ ಪ್ರವಾಸದ ಯಾವ ಪ್ಯಾಕೇಜು ತೆರೆದರೂ ‘ಬಾತೂರ್ ಸೂರ್ಯೋದಯ ಚಾರಣ’ ಎಂಬ ಸಾಲೊಂದು ಇದ್ದೇ ಇರುತ್ತದೆ. ಬಾತೂರ್ ಎಂದರೆ ಅಲ್ಲಿನ ಜೀವಂತ ಜ್ವಾಲಾಮುಖಿ ಗುಡ್ಡ. ರಾತ್ರಿ ಎರಡಕ್ಕೆ ಹೋಟೆಲಿನ ಬಾಗಿಲಿಗೆ ಗಾಡಿ, ನಾಲ್ಕಕ್ಕೆ ಗುಡ್ಡ ಹತ್ತಲು ಶುರು, ಆರರ ಹೊತ್ತಿಗೆ ನೆತ್ತಿಯಲ್ಲಿ ಸೂರ್ಯೋದಯ, ನೆಲದಿಂದೇಳುವ ಹಬೆಯಲ್ಲಿ ಬೆಂದ ಮೊಟ್ಟೆ, ಮಧ್ಯಾಹ್ನದೊಳಗೆ ವಾಪಸ್. ಬಯಲುಸೀಮೆಯವರೋ ಪೇಟೆಯವರೋ ಆದರೆ ಹೆಚ್ಚು ಯೋಚಿಸದೆ ದುಡ್ಡು ಕಟ್ಟಿಬಿಡುತ್ತಾರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಮಾತ್ರ ಅನುಮಾನ ಬರುತ್ತದೆ, ಬರಬೇಕಾದದ್ದೂ ಹೌದು. ಗುಡ್ಡ, ಮಂಜು, ಬೆಳಗಿನ ಜಾವದ ಬೆಳಕು ಎಲ್ಲ ಮನೆಯ ಹಿತ್ತಲಲ್ಲೇ ಇರುವಾಗ ಅಷ್ಟು ದೂರ ಹೋಗಿ ನಿದ್ದೆ ಕೆಡಿಸಿಕೊಳ್ಳುವುದು ಯಾತಕ್ಕೆ?

ಬರೀ ಸೂರ್ಯೋದಯಕ್ಕಾದರೆ ಬೇಡ. ಕುಂದಾದ್ರಿಯ ಬಂಡೆಯ ಮೇಲೆ ಡಿಸೆಂಬರಿನಲ್ಲಿ ಸಿಗುವ ಬೆಳಗು ಬಾತೂರಿನದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ, ಜನವೂ ಅಷ್ಟಿರುವುದಿಲ್ಲ. ಆದರೆ ಕಾಲ ಕೆಳಗಿನ ನೆಲ ಬಿಸಿಯಾಗಿರುವ, ಕಲ್ಲಿನ ಸಂದಿಯಿಂದ ಹಬೆ ಬರುವ ಗುಡ್ಡ ನಮ್ಮಲ್ಲಿಲ್ಲ. ಭಾರತದಲ್ಲಿ ಜೀವಂತ ಜ್ವಾಲಾಮುಖಿ ಎಂದು ಇರುವುದು ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. ಅದನ್ನು ಹತ್ತುವ ಅವಕಾಶ ಪ್ರವಾಸಿಗರಿಗಿಲ್ಲ. ಹಾಗಾಗಿ ಬಾತೂರಿಗೆ ಹೋಗುವುದಿದ್ದರೆ ಜ್ವಾಲಾಮುಖಿ ನೋಡಲೆಂದು ಹೋಗಬೇಕು, ಸೂರ್ಯ ಅದರ ಜೊತೆಗೆ ಸಿಕ್ಕಿದ್ದು ಎಂದುಕೊಳ್ಳಬೇಕು. ಈ ಎಣಿಕೆ ತಲೆಯಲ್ಲಿದ್ದರೆ ಮೋಡ ಮುಚ್ಚಿದ ದಿನವೂ ಹೋದದ್ದು ದಂಡವಾಯಿತು ಅನ್ನಿಸುವುದಿಲ್ಲ. ಗೈಡ್ ಜೊತೆ ಹೋಗಬೇಕೋ ಜೀಪು ಹಿಡಿಯಬೇಕೋ ಎನ್ನುವುದನ್ನೂ ಇದೇ ತೀರ್ಮಾನಿಸುತ್ತದೆ.

ಗುಡ್ಡ ಎಷ್ಟು ದೊಡ್ಡದು

ಬಾತೂರಿನ ಎತ್ತರ 1,717 ಮೀಟರ್. ಕೊಡಚಾದ್ರಿ 1,343, ಮುಳ್ಳಯ್ಯನಗಿರಿ 1,930. ಬಾತೂರ್ ಇವೆರಡರ ನಡುವೆ ಬರುತ್ತದೆ. ಚಾರಣ ಶುರುವಾಗುವ ಕೆರೆಯ ದಡವೇ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿರುವುದರಿಂದ ನಿಜವಾಗಿ ಹತ್ತಬೇಕಾದದ್ದು 600–700 ಮೀಟರ್. ಒಂದು ಮಹಡಿಗೆ ಮೂರು ಮೀಟರಿನಂತೆ 200 ಮಹಡಿಗೂ ಹೆಚ್ಚು, ಅದೂ ಕತ್ತಲಲ್ಲಿ. ಸಾಧಾರಣ ನಡಿಗೆಯವರಿಗೆ ಒಂದೂವರೆಯಿಂದ ಎರಡು ಗಂಟೆ. ಮುಳ್ಳಯ್ಯನಗಿರಿಯನ್ನು ಸರ್ಪದಾರಿಯಿಂದ ಹತ್ತಿದವರಿಗೆ ಈ ಶ್ರಮ ಹೊಸದಲ್ಲ; ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಕೊಡಚಾದ್ರಿ ಮುಟ್ಟಿದವರಿಗೆ ಇದು ಹಗುರವೇ. ಎರಡನ್ನೂ ಮಾಡದವರು ಹೊರಡುವ ತಿಂಗಳು ಮುಂಚೆ ಕವಲೇದುರ್ಗದ ಕಲ್ಲುಹಾಸಿನ ದಾರಿಯನ್ನು ಒಂದೇ ದಿನ ಎರಡು ಸಲ ಹತ್ತಿ ಇಳಿದು ನೋಡಲಿ. ಮರುದಿನ ಮಂಡಿ ಏನು ಹೇಳುತ್ತದೋ ಅದೇ ಉತ್ತರ.

ಆಕಾರ ಗೊತ್ತಿದ್ದರೆ ಆಯ್ಕೆ ಸುಲಭ. ದೊಡ್ಡ ಬೋಗುಣಿ, ಅದರೊಳಗೆ ಇನ್ನೊಂದು ಬೋಗುಣಿ, ಅದರ ನಡುವೆ ಮಗುಚಿಟ್ಟ ಲೋಟ: ಇದೇ ಬಾತೂರ್. ಹೊರಗಿನ ಬೋಗುಣಿ ಸುಮಾರು 10 ಕಿಲೋಮೀಟರ್ ಅಗಲ, 13 ಕಿಲೋಮೀಟರಿಗೂ ಹೆಚ್ಚು ಉದ್ದ. ಸುಮಾರು 29,000 ವರ್ಷಗಳ ಹಿಂದೆ ಭಾರೀ ಸ್ಫೋಟವಾಗಿ, ಒಳಗಿನ ಕರಗಿದ ಶಿಲೆಯೆಲ್ಲ ಹೊರಬಿದ್ದು, ಆಧಾರ ತಪ್ಪಿದ ಮೇಲ್ಭಾಗ ಕುಸಿದು ಆದದ್ದು. ಇಂಥ ಕುಸಿತದ ಕುಳಿಗೆ ಕ್ಯಾಲ್ಡೆರಾ ಎನ್ನುತ್ತಾರೆ. ಕುಳಿಯ ಒಂದು ಮಗ್ಗುಲಲ್ಲಿ ಅರ್ಧಚಂದ್ರದಂತೆ ಬಾತೂರ್ ಕೆರೆ ಇದೆ, ಬಾಲಿಯ ಅತಿದೊಡ್ಡ ಕೆರೆ. ನಡುವಿನ ಲೋಟವೇ ಈಗಲೂ ಉಸಿರಾಡುತ್ತಿರುವ ಗುಡ್ಡ. 1926ರಲ್ಲಿ ಅದರ ಲಾವಾ ಬಾತೂರ್ ಎಂಬ ಊರನ್ನೂ ದೇವಸ್ಥಾನವನ್ನೂ ಮುಚ್ಚಿತು. ಜನ ಊರನ್ನು ಬೋಗುಣಿಯ ಅಂಚಿಗೆ ಎತ್ತಿಕೊಂಡು ಹೋಗಿ ಮತ್ತೆ ಕಟ್ಟಿದರು. 1963ರ ಲಾವಾ ಕೆಳಗೆ ಕರಿ ಬಯಲಾಗಿ ಇನ್ನೂ ಹಾಗೇ ಬಿದ್ದಿದೆ. ಕೊನೆಯ ಸಲ ಉಗುಳಿದ್ದು 2000ದಲ್ಲಿ. 2012ರಿಂದ ಈ ಪ್ರದೇಶ ಯುನೆಸ್ಕೋ ಭೂಉದ್ಯಾನಗಳ ಪಟ್ಟಿಯಲ್ಲಿದೆ.

ಬರೀ ಲಾವಾ ಕಲ್ಲು ನೋಡುವ ಆಸೆಯಾದರೆ ವಿಮಾನ ಹತ್ತಬೇಕಿಲ್ಲ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷ ಹಿಂದೆ ನೀರಿನೊಳಗೆ ಉಕ್ಕಿ, ದಿಂಬು ಪೇರಿಸಿದಂತೆ ಹೆಪ್ಪುಗಟ್ಟಿದ ಲಾವಾ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಶಿವಮೊಗ್ಗದಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅದು ತಣ್ಣಗಾದ ಅಡುಗೆ, ಬಾತೂರಿನದು ಒಲೆಯ ಮೇಲಿನದು.

ರಾತ್ರಿ ಎರಡು ಗಂಟೆ ಎಂದರೆ ನಮ್ಮ ಮೈಗೆ ಎಷ್ಟು

ಕಾಲಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ನಿದ್ದೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಈ ಚಾರಣ ಕೆಡುವುದು ಬಹುಪಾಲು ನಿದ್ದೆಯಿಂದ.

ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎರಡಕ್ಕೆ ಗಾಡಿ ಬಂದಾಗ ನಮ್ಮ ಮೈಗೆ ಇನ್ನೂ ಹನ್ನೊಂದೂವರೆ. ‘ಎಂಟಕ್ಕೇ ಮಲಗಿಬಿಡಿ’ ಎಂದು ಹೋಟೆಲಿನವರು ಹೇಳುತ್ತಾರೆ. ಅಲ್ಲಿಯ ಎಂಟು ಎಂದರೆ ನಮ್ಮ ಸಂಜೆ ಐದೂವರೆ, ಕಾಫಿಯ ಹೊತ್ತು. ಬಂದ ಮೊದಲ ರಾತ್ರಿಯೋ ಎರಡನೆಯ ರಾತ್ರಿಯೋ ಚಾರಣ ಇಟ್ಟುಕೊಂಡವರು ಒಂದು ಚೂರೂ ನಿದ್ದೆಯಿಲ್ಲದೆ ಹತ್ತುತ್ತಾರೆ, ಇಳಿಯುವಾಗ ಜಾರುತ್ತಾರೆ. ಕೊನೆಯ ರಾತ್ರಿಯೂ ಬೇಡ. ಚಾರಣ ರದ್ದಾದರೆ ಮುಂದೂಡಲು ದಿನ ಉಳಿದಿರುವುದಿಲ್ಲ. ನಾಲ್ಕನೆಯ ಅಥವಾ ಐದನೆಯ ರಾತ್ರಿ ಒಳ್ಳೆಯದು.

ಉಳಿದುಕೊಳ್ಳುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಬಾಲಿಯ ಒಳನಾಡಿನ ಉಬುದ್ ಪಟ್ಟಣದಿಂದ ಗುಡ್ಡದ ಬುಡಕ್ಕೆ ಗಾಡಿಯಲ್ಲಿ ಒಂದರಿಂದ ಒಂದೂವರೆ ಗಂಟೆ, ಹಾಗಾಗಿ ಎರಡಕ್ಕೆ ಹೊರಟರೆ ಸಾಕು. ದಕ್ಷಿಣದ ಕಡಲ ತೀರದಲ್ಲಿ ಉಳಿದವರು ಒಂದಕ್ಕೇ, ಕೆಲವೊಮ್ಮೆ ಅದಕ್ಕೂ ಮುಂಚೆ ಹೊರಡಬೇಕು. ಎಲ್ಲಕ್ಕಿಂತ ಜಾಣತನದ ದಾರಿ ಎಂದರೆ ಹಿಂದಿನ ರಾತ್ರಿ ಕಿಂತಾಮಣಿಯಲ್ಲೋ (ಕೇಳಲು ನಮ್ಮ ಚಿಂತಾಮಣಿಯ ತಮ್ಮನಂತಿದೆ) ಕೆರೆಯ ದಡದ ತೋಯಾ ಬುಂಕಾದಲ್ಲೋ ಉಳಿಯುವುದು. ‘ತೋಯ’ ಎಂದರೆ ಅಲ್ಲೂ ನೀರೇ. ಅಲ್ಲಿ ಉಳಿದರೆ ಮೂರೂವರೆಗೆ ಎದ್ದರೂ ನಡೆಯುತ್ತದೆ, ಗಾಡಿಯ ಖರ್ಚೂ ಇಳಿಯುತ್ತದೆ. ಜೊತೆಗೆ ಹಿಂದಿನ ಸಂಜೆಯೇ ಗುಡ್ಡದ ತಲೆ ಮೋಡದೊಳಗಿದೆಯೋ ಹೊರಗಿದೆಯೋ ಎಂದು ಕಣ್ಣಾರೆ ಕಾಣುತ್ತದೆ.

ಗೈಡ್ ಬೇಕೇ ಎಂಬ ಪ್ರಶ್ನೆ ಅಲ್ಲಿ ನಡೆಯುವುದಿಲ್ಲ

ಬಾತೂರಿನಲ್ಲಿ ಗೈಡ್ ಇಲ್ಲದೆ ಹತ್ತುವುದು ಬಳಕೆಯಲ್ಲಿಲ್ಲ. ಸ್ಥಳೀಯ ಗೈಡ್‌ಗಳ ಸಂಘದ ಹಿಡಿತ ಬಿಗಿಯಾಗಿದೆ; ಒಂಟಿಯಾಗಿ ಹೊರಟವರನ್ನು ಬುಡದಲ್ಲೇ ತಡೆದು ನಿಲ್ಲಿಸುತ್ತಾರೆ. ದಾರಿ ಕಷ್ಟವೆಂದಲ್ಲ, ಹಗಲಲ್ಲಾದರೆ ನಮ್ಮ ಕಡೆಯ ಹುಡುಗರು ಕೇಳದೆಯೂ ಹತ್ತಿಯಾರು. ಆ ಊರಿನವರಿಗೆ ಆ ಗುಡ್ಡವೇ ಜೀವನ, ಅದಕ್ಕೆ ಕಾವಲು ಕಾಯುತ್ತಾರೆ. ಅದರ ಮೇಲೆ ವಾದಕ್ಕೆ ನಿಂತು ರಾತ್ರಿ ಹಾಳು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಹಾಗಾಗಿ ಆಯ್ಕೆ ಇರುವುದು ಗುಂಪಿನ ಗೈಡೋ ನಮಗಷ್ಟೇ ಗೈಡೋ ಎಂಬುದರಲ್ಲಿ.

ಗುಂಪಿನ ಜೊತೆಗಾದರೆ ಉಬುದ್‌ನಿಂದ ಗಾಡಿಯೂ ಸೇರಿ ತಲೆಗೆ ಸಾಮಾನ್ಯವಾಗಿ 2,500ರಿಂದ 5,000 ರೂಪಾಯಿ. ಅಲ್ಲಿನ ಹಣದಲ್ಲಿ ಲಕ್ಷಗಳಲ್ಲಿ ಹೇಳಿದಾಗ ಗಾಬರಿಯಾಗಬೇಡಿ. ಕೊನೆಯ ಎರಡು ಸೊನ್ನೆ ಅಳಿಸಿ, ಉಳಿದದ್ದನ್ನು ಅರ್ಧ ಮಾಡಿದರೆ ಹೆಚ್ಚೂಕಮ್ಮಿ ನಮ್ಮ ರೂಪಾಯಿ ಸಿಗುತ್ತದೆ. ತೀರಾ ಅಗ್ಗದ ಬೆಲೆ ಕಂಡರೆ ಗಾಡಿಯೋ ಪ್ರವೇಶದ ಟಿಕೆಟ್ಟೋ ಬಿಟ್ಟುಹೋಗಿರುತ್ತದೆ.

ಗುಂಪಿನ ದೊಡ್ಡ ತೊಂದರೆ ನಡಿಗೆಯ ವೇಗ. ಗೈಡ್ ಎಲ್ಲರಿಗಿಂತ ನಿಧಾನವಾದವರ ಜೊತೆ ನಡೆಯುತ್ತಾನೆ. ನೀವು ಬೇಗ ನಡೆಯುವವರಾದರೆ ಪ್ರತಿ ತಿರುವಿನಲ್ಲಿ ನಿಂತು ಬೆವರು ಆರಿ ಚಳಿ ಹಿಡಿಯುತ್ತದೆ. ನಿಧಾನದವರಾದರೆ ಉಳಿದವರ ಮುಖ ನೋಡಿ ಮಿತಿ ಮೀರಿ ಓಡುತ್ತೀರಿ, ಅರ್ಧದಾರಿಯಲ್ಲಿ ಉಸಿರು ಕಟ್ಟುತ್ತದೆ. ಎರಡನೆಯ ತೊಂದರೆ ಗಾಡಿಯದು: ನಾಲ್ಕು ಹೋಟೆಲಿನ ಜನರನ್ನು ಹೆಕ್ಕಿಕೊಂಡು, ನಡುವೆ ಎಲ್ಲೋ ಬಾಳೆಹಣ್ಣಿನ ದೋಸೆಗೆ ನಿಲ್ಲಿಸಿ, ಬುಡ ಮುಟ್ಟುವಾಗ ನಾಲ್ಕೂಕಾಲು. ಸೂರ್ಯ ಬೇಗ ಮೂಡುವ ತಿಂಗಳಾದರೆ ಅಲ್ಲಿಂದ ಎಷ್ಟು ಓಡಿದರೂ ಬಣ್ಣಗಳು ಮುಗಿದ ಮೇಲೆಯೇ ನೆತ್ತಿ. ನಾಲ್ಕು ಜನರ ಕುಟುಂಬವಾದರೆ ಬೇರೆ ಗೈಡೇ ಲೇಸು. ತಲೆಗೆ ಬೀಳುವ ಹೆಚ್ಚಳ ದೊಡ್ಡದಲ್ಲ, ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ.

ಹೊತ್ತಿನ ಲೆಕ್ಕ ಹೀಗೆ. ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕೆ ಬರೀ 8 ಡಿಗ್ರಿ. ಅಲ್ಲಿ ನಸುಕು ಬೇಗ ಬೇಗ ಕಳೆದುಹೋಗುತ್ತದೆ. ಆಕಾಶ ಕೆಂಪಾಗುವುದು ಸೂರ್ಯ ಮೂಡುವ ಅರ್ಧ ಗಂಟೆ ಮುಂಚಿನಿಂದ, ನೋಡಬೇಕಾದದ್ದು ಅದನ್ನೇ. ಸೂರ್ಯ ಮೇಲೆದ್ದ ಐದು ನಿಮಿಷಕ್ಕೆ ಬೆಳಕು ಬೆಳ್ಳಗಾಗಿ ಕಣ್ಣು ಕುಕ್ಕುತ್ತದೆ. ಜೂನ್–ಜುಲೈಯಲ್ಲಿ ಸೂರ್ಯೋದಯ ಆರೂವರೆಯ ಹೊತ್ತಿಗೆ, ಅಕ್ಟೋಬರಿನಲ್ಲಿ ಆರಕ್ಕೂ ಮುಂಚೆ. ಜೂನಿನಲ್ಲಿ ನಾಲ್ಕಕ್ಕೆ ಹೊರಟರೆ ನಡೆಯುತ್ತದೆ. ಅಕ್ಟೋಬರಿನಲ್ಲಿ ಮೂರೂವರೆಯೇ ಸರಿ. ‘ವರ್ಷವಿಡೀ ನಾಲ್ಕಕ್ಕೆ’ ಎನ್ನುವವರಿಗೆ ತಿಂಗಳು ಹೇಳಿ ಕೇಳಿ.

ದಾರಿ ಹೇಗಿರುತ್ತದೆ, ಎಲ್ಲಿ ಕೆಡುತ್ತದೆ

ಮೊದಲ ಮೂರನೇ ಒಂದು ಭಾಗ ಸಲೀಸು. ಈರುಳ್ಳಿ, ಟೊಮೆಟೊ ಬೆಳೆದ ಹೊಲಗಳ ಪಕ್ಕದ ಅಗಲ ದಾರಿ. ಇಲ್ಲಿ ಬೈಕಿನವರು ಹಿಂದೆ ಬೀಳುತ್ತಾರೆ, ‘ಮೇಲಿನವರೆಗೆ’ ಬಿಡುತ್ತೇವೆ ಎಂದು. ಮೇಲಿನವರೆಗೆ ಅಲ್ಲ, ಸಲೀಸಾದ ಭಾಗ ಮುಗಿಯುವವರೆಗೆ ಮಾತ್ರ. ನಿಜವಾದ ಏರು ಅಲ್ಲಿಂದಲೇ ಶುರು. ಹೊತ್ತು ಮೀರಿದ್ದರೆ ಮಾತ್ರ ಹತ್ತಿಕೊಳ್ಳಿ. ದಾರಿಯಲ್ಲಿ ಸಣ್ಣ ಗುಡಿಯ ಮುಂದೆ ಗೈಡ್ ನಿಂತು ಬಾಳೆ–ತೆಂಗಿನ ಎಲೆಯ ಪುಟ್ಟ ಬುಟ್ಟಿಯಲ್ಲಿ ಹೂವಿಟ್ಟು ಕೈಮುಗಿಯುತ್ತಾನೆ. ನೆಲದ ಮೇಲಿಟ್ಟ ಆ ಬುಟ್ಟಿಗಳನ್ನು ತುಳಿಯದೆ ದಾಟಿ.

ಆಮೇಲೆ ಬರುವುದು ಕರಿ ಹರಳಿನ ಏರು. ಜ್ವಾಲಾಮುಖಿ ಉಗುಳಿದ ಸಣ್ಣ, ಹಗುರ, ತೂತು ತೂತಾದ ಕಲ್ಲುಗಳು. ಮಲೆನಾಡಿನವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅಡಿಕೆ ಹರವಿದ ಅಂಗಳದಲ್ಲಿ ಕಾಲಿಟ್ಟ ಹಾಗೆ. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹಿಂದೆ ಜಾರುತ್ತದೆ. ಜಂಬಿಟ್ಟಿಗೆ ನೆಲದಲ್ಲಿ, ಬೇರಿನ ಮೆಟ್ಟಿಲಿನಲ್ಲಿ ನಡೆದು ರೂಢಿಯಾದ ಕಾಲಿಗೂ ಇದು ಹೊಸದು. ನಮ್ಮ ಕಾಡಿನಲ್ಲಿ ಜಾರಿದರೆ ಹಿಡಿಯಲು ಗಿಡವೋ ಬಳ್ಳಿಯೋ ಇರುತ್ತದೆ, ಇಲ್ಲಿ ಮೇಲ್ಭಾಗ ಬೋಳು. ಕೈ ಊರಿದರೆ ಚರ್ಮ ತರಚುತ್ತದೆ, ಏಕೆಂದರೆ ಆ ಕಲ್ಲಿನ ಅಂಚು ಗಾಜಿನಂತೆ ಚೂಪು. ಒಂದು ಜೊತೆ ಅಗ್ಗದ ತೋಟದ ಕೈಗವಸು ಸಾಕು, ಬಹಳ ಉಪಕಾರ.

ಒಂದು ಸಮಾಧಾನ: ಉಂಬಳ (ಕಾಡಿನ ಜಿಗಣೆ) ಇಲ್ಲ. ನೀರು ನಿಲ್ಲದ ಹರಳು ನೆಲದಲ್ಲಿ ಅವಕ್ಕೆ ಬದುಕಿಲ್ಲ. ಸುಣ್ಣ, ಹೊಗೆಸೊಪ್ಪಿನ ಗಂಟು ಮನೆಯಲ್ಲೇ ಬಿಡಿ. ಆದರೆ ಉಂಬಳದ ಕಾಲುಚೀಲವನ್ನು ಮಾತ್ರ ತಪ್ಪದೆ ಒಯ್ಯಿರಿ. ಮಂಡಿಯವರೆಗೆ ಬರುವ ಆ ದಪ್ಪ ಚೀಲ ಶೂ ಒಳಗೆ ಹರಳು ಹೋಗದಂತೆ ತಡೆಯುತ್ತದೆ. ಇಳಿಯುವಾಗ ಹತ್ತು ಹೆಜ್ಜೆಗೊಮ್ಮೆ ಶೂ ಕೊಡವುತ್ತ ಕೂರುವವರ ನಡುವೆ ನೀವು ಸುಮ್ಮನೆ ನಡೆದುಹೋಗಬಹುದು.

ಬೆಳಗಿನ ಜಾವ ನೆತ್ತಿಯಲ್ಲಿ 10ರಿಂದ 15 ಡಿಗ್ರಿ, ಮೇಲೆ ಗಾಳಿ. ಮಾಘದ ಬೆಳಗು ಕಂಡವರಿಗೆ ಈ ಚಳಿ ಏನೂ ಅಲ್ಲ ಅನ್ನಿಸಬಹುದು. ಒದ್ದೆ ಬನಿಯನ್ನು ಮೈಗೆ ಅಂಟಿಕೊಂಡಿರುವಾಗ ಹಾಗನ್ನಿಸುವುದಿಲ್ಲ. ಎಲ್ಲರೂ ಮಾಡುವ ತಪ್ಪು, ಬುಡದಲ್ಲೇ ಜಾಕೆಟ್ ಹಾಕಿಕೊಂಡು ಹತ್ತುವುದು. ಒಳಗೆಲ್ಲ ಬೆವರಿ, ನೆತ್ತಿಯಲ್ಲಿ ಕೂತ ಮೇಲೆ ನಡುಕ ಹುಟ್ಟುತ್ತದೆ. ಹತ್ತುವಾಗ ತೆಳು ಅಂಗಿ ಒಂದೇ. ಜಾಕೆಟ್ಟನ್ನೂ ಒಂದು ಒಣ ಅಂಗಿಯನ್ನೂ ಚೀಲದಲ್ಲಿಟ್ಟು, ಮೇಲೆ ಮುಟ್ಟಿದ ಕೂಡಲೇ ಬದಲಿಸಿ. ನೀರು ತಲೆಗೆ ಒಂದೂವರೆ ಲೀಟರ್. ಗೈಡ್ ಕೊಡುವ ಟಾರ್ಚನ್ನು ನಂಬಿ ಹೋಗಬೇಡಿ, ಹಣೆಗೆ ಕಟ್ಟುವ ದೀಪ ನಿಮ್ಮದೇ ಇರಲಿ. ಕೈಯಲ್ಲಿ ಟಾರ್ಚ್ ಹಿಡಿದರೆ ಊರಲು ಒಂದೇ ಕೈ ಉಳಿಯುತ್ತದೆ. ಶೌಚಾಲಯ ಬುಡದಲ್ಲಿ ಮಾತ್ರ, ಚಿಲ್ಲರೆ ಇಟ್ಟುಕೊಳ್ಳಿ.

ನೆತ್ತಿಯಲ್ಲಿ ಗುಡಿಸಲಂಗಡಿಗಳಿವೆ, ಕಾಫಿ ಸಿಗುತ್ತದೆ, ಬುಡದ ಬೆಲೆಯ ಎರಡು ಮೂರು ಪಟ್ಟು. ಹೊತ್ತು ತಂದವರ ಬೆನ್ನು ನೆನೆದರೆ ಅದು ಹೆಚ್ಚಲ್ಲ. ಉಪಾಹಾರ ಎಂದು ಕೊಡುವುದು ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಬ್ರೆಡ್ಡು. ಮೊಟ್ಟೆ ತಿನ್ನದವರು ಬುಕಿಂಗಿನಲ್ಲೇ ಹೇಳಬೇಕು, ಇಲ್ಲವಾದರೆ ಎರಡು ಬಾಳೆಹಣ್ಣಿಗೇ ತೃಪ್ತಿ. ಅಲ್ಲಿನ ಮಂಗಗಳು ನಮ್ಮ ಘಾಟಿಯ ಮಂಗಗಳ ನೆಂಟರೇ: ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು. ತಿಂಡಿ ಜಿಪ್ ಇರುವ ಚೀಲದೊಳಗಿರಲಿ.

ಹಬೆಯ ಬಿಲಗಳನ್ನು ನೋಡಿ, ಕೈಯನ್ನು ದೂರದಿಂದ ಚಾಚಿ. ಆಮೇಲೆ ಗೈಡ್‌ಗೆ ಹೇಳಿ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಒಂದು ಸುತ್ತು ಹಾಕಿ. ಇನ್ನೂ ಒಂದು ಗಂಟೆಯ ನಡಿಗೆ, ಕೆಲವೆಡೆ ದಾರಿ ಬಹಳ ಇಕ್ಕಟ್ಟು. ಸೂರ್ಯ ಮೂಡಿದ ಕೂಡಲೇ ಮುಕ್ಕಾಲುಪಾಲು ಜನ ಇಳಿಯತೊಡಗುತ್ತಾರೆ. ಗುಡ್ಡ ಗುಡ್ಡದಂತೆ ಕಾಣುವುದು ಆಮೇಲೆ. ಒಂದು ಕಡೆ ಕೆರೆ, ಅದರಾಚೆ ಅಬಾಂಗ್ ಗುಡ್ಡ, ಹಿಂದೆ ಆಗುಂಗ್ ಜ್ವಾಲಾಮುಖಿ, ಕಡಲಿನಾಚೆ ಲೊಂಬೊಕ್ ದ್ವೀಪದ 3,726 ಮೀಟರಿನ ರಿಂಜಾನಿ, ಕೆಳಗೆ 1963ರ ಕರಿ ಬಯಲು. ಈ ಸುತ್ತು ಇಲ್ಲದ ಪ್ಯಾಕೇಜು ಅರ್ಧ ಊಟ.

ಇಳಿಯುವುದರಲ್ಲಿ ಅಪಾಯ ಹೆಚ್ಚು. ಹಿಂದಕ್ಕೆ ವಾಲಿ, ಮಂಡಿ ನೆಟ್ಟಗಿಟ್ಟು ಇಳಿದರೆ ಕಾಲು ಮುಂದೆ ಜಾರಿ ಬೆನ್ನು ನೆಲಕ್ಕೆ. ಮಂಡಿ ತುಸು ಬಗ್ಗಿಸಿ, ಹೆಜ್ಜೆ ಚಿಕ್ಕದಾಗಿಟ್ಟು, ಹಿಮ್ಮಡಿಯನ್ನು ಹರಳಿನೊಳಗೆ ಊರಿ ಇಳಿಯಬೇಕು. ಶೂ ದಾರವನ್ನು ಕಣಕಾಲಿನ ಹತ್ತಿರ ಬಿಗಿದುಕೊಳ್ಳದಿದ್ದರೆ ಬೆರಳುಗಳು ಮುಂದೆ ಹೋಗಿ ಒತ್ತಿ ಉಗುರು ಕಪ್ಪಾಗುತ್ತದೆ; ಹಿಂದಿನ ದಿನವೇ ಉಗುರು ಕತ್ತರಿಸಿಕೊಳ್ಳಿ. ಅಡಿ ಸವೆದ ಓಟದ ಶೂ, ಚಪ್ಪಲಿ ಯಾವುದೂ ಬೇಡ. ಮಂಡಿ ಸವೆದವರು, ಉಬ್ಬಸವಿರುವವರು, ಬಸುರಿಯರು, ಹತ್ತು ವರ್ಷದೊಳಗಿನ ಮಕ್ಕಳು ಇರುವ ತಂಡವಾದರೆ ಮುಂದಿನದನ್ನು ಓದಿ.

ಜೀಪು, ಅಂಚಿನ ರಸ್ತೆ

ಕಟ್ಟಿನಹೊಳೆ, ನಿಟ್ಟೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಕುಲುಕಿಸಿಕೊಂಡು ಹೋದವರಿಗೆ ಬಾತೂರಿನ ಜೀಪು ಸುಖವೇ ಅನ್ನಿಸುತ್ತದೆ. ಆದರೆ ಒಂದು ವ್ಯತ್ಯಾಸ. ನಮ್ಮ ಜೀಪು ಕೊಡಚಾದ್ರಿಯ ಮೇಲೇ ಬಿಡುತ್ತದೆ, ಅಲ್ಲಿಂದ ಸರ್ವಜ್ಞ ಪೀಠಕ್ಕೆ ಸ್ವಲ್ಪ ನಡೆದರಾಯಿತು. ಬಾತೂರಿನ ಜೀಪು ಬಾತೂರಿನ ನೆತ್ತಿಗೆ ಹೋಗುವುದೇ ಇಲ್ಲ. ಎದುರಿನ ಇಳಿಜಾರಿನ ಒಂದು ಜಾಗದಲ್ಲಿ ನಿಲ್ಲಿಸಿ, ಅಲ್ಲಿಂದ ಬಾತೂರನ್ನು ತೋರಿಸಿ, ಆಮೇಲೆ ಕೆಳಗಿನ ಕರಿ ಲಾವಾ ಬಯಲಿಗೆ ಇಳಿಸುತ್ತದೆ. ಜಾಹೀರಾತಿನಲ್ಲಿ ಇದು ಸ್ಪಷ್ಟವಿರುವುದಿಲ್ಲ, ಹಣ ಕೊಟ್ಟ ಮೇಲೆ ಮುನಿಸು. ಬಾಡಿಗೆ ಇಡೀ ಜೀಪಿಗೆ, ನಾಲ್ವರು ಹಂಚಿಕೊಂಡರೆ ಸರಿಹೋಗುತ್ತದೆ, ಇಬ್ಬರಿಗೆ ದುಬಾರಿ.

ಚಿತ್ರ ತೆಗೆಯುವುದೇ ಮುಖ್ಯವಾದವರಿಗೆ ಜೀಪು ಚಾರಣಕ್ಕಿಂತ ಒಳ್ಳೆಯದೂ ಹೌದು. ನೆತ್ತಿಯ ಮೇಲೆ ನಿಂತರೆ ನೆತ್ತಿ ಚಿತ್ರದಲ್ಲಿ ಬರುವುದಿಲ್ಲವಲ್ಲ! ಹಬೆ, ಬಿಸಿ ನೆಲ, ಬಾಯಿಯ ಅಂಚು ಮಾತ್ರ ಇಲ್ಲಿ ಸಿಗುವುದಿಲ್ಲ.

ಮೂರನೆಯದು ಯಾರೂ ಮಾರಲು ಬಾರದ ದಾರಿ. ಬೋಗುಣಿಯ ಅಂಚಿನ ಪೆನೆಲೋಕಾನ್‌ಗೆ ಡಾಂಬರು ರಸ್ತೆಯಿದೆ. ಐದೂವರೆಗೆ ಅಲ್ಲಿ ನಿಂತರೆ ಬೋಗುಣಿ, ಕೆರೆ, ಗುಡ್ಡ ಎಲ್ಲ ಒಂದೇ ನೋಟದಲ್ಲಿ. ಅಜ್ಜ, ಅಜ್ಜಿ ಜೊತೆಗಿದ್ದರೆ ಇದೇ ಸರಿ. ತಂಡವನ್ನು ಎರಡು ಮಾಡಿ, ಹತ್ತುವವರು ಹತ್ತಲಿ, ಉಳಿದವರು ಇಲ್ಲಿ ಕಾಫಿ ಕುಡಿಯಲಿ.

ಇನ್ನೂ ದೊಡ್ಡದನ್ನು ಬಯಸುವವರಿಗೆ ಆಗುಂಗ್ ಇದೆ, ಸುಮಾರು 3,000 ಮೀಟರ್. 1963ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ, 2017ರಿಂದ 2019ರವರೆಗೆ ಮತ್ತೆ ಹೊಗೆಯಾಡಿದ ಗುಡ್ಡ. ಬೆಸಾಕಿ ದೇವಸ್ಥಾನದ ಕಡೆಯಿಂದ ಹತ್ತಲು ಆರೇಳು ಗಂಟೆ. ಕುದುರೆಮುಖದಂಥ ದಿನಪೂರ್ತಿ ಚಾರಣದ ಅಭ್ಯಾಸವಿಲ್ಲದವರು ಕೈಹಾಕಬಾರದು. ಜಾವಾದ ಇಜೆನ್‌ನಲ್ಲಿ ಗಂಧಕದ ಅನಿಲ ಉರಿದು ನೀಲಿ ಜ್ವಾಲೆ ಕಾಣುತ್ತದೆ, ಲೋಕದಲ್ಲೇ ಅಪರೂಪ. ಆದರೆ ಬಾಲಿಯಿಂದ ರಾತ್ರಿಯಿಡೀ ಗಾಡಿ, ನಡುವೆ ಹಡಗು, ಮುಖಕ್ಕೆ ಅನಿಲ ತಡೆಯುವ ಮುಖವಾಡ, ವೈದ್ಯರ ಪತ್ರ. ಉಬ್ಬಸದವರಿಗೆ ಖಂಡಿತ ಸಲ್ಲದು. ಒಂದು ವಾರದ ಪ್ರವಾಸದಲ್ಲಿ ಇವೆರಡಕ್ಕೂ ಜಾಗವಿಲ್ಲ.

ತಿಂಗಳು ನೋಡಿ ಗುಡ್ಡ ಆರಿಸಿ

ಬಾಲಿಯ ಒಣಗಾಲ ಏಪ್ರಿಲಿನಿಂದ ಅಕ್ಟೋಬರ್. ನಮ್ಮ ಮಳೆಗಾಲ ಅದರೊಳಗೇ ಬರುತ್ತದೆ. ಕೊಡಚಾದ್ರಿ ಮೋಡದೊಳಗೆ ಮುಳುಗಿ, ಹಳ್ಳ ತುಂಬಿ, ಕಾಡುದಾರಿ ಮುಚ್ಚಿರುವ ಆಷಾಢ, ಶ್ರಾವಣದಲ್ಲಿ ಬಾತೂರಿನ ಆಕಾಶ ಹೆಚ್ಚಾಗಿ ತಿಳಿಯಾಗಿರುತ್ತದೆ. ಉಲ್ಟಾ ಲೆಕ್ಕವೂ ಅಷ್ಟೇ ನಿಜ: ಡಿಸೆಂಬರ್ ರಜೆಯಲ್ಲಿ ಬಾಲಿಗೆ ಹೋದರೆ ಅಲ್ಲಿ ಮಳೆ, ನಮ್ಮ ಗುಡ್ಡಗಳಲ್ಲಿ ವರ್ಷದ ಅತ್ಯುತ್ತಮ ಬೆಳಗು. ಕ್ರಿಸ್‌ಮಸ್ ರಜೆಗೆ ಬಾತೂರ್ ಎಂದು ಬುಕ್ ಮಾಡುವವರು ಎರಡೂ ಕಡೆಯದನ್ನು ಕಳೆದುಕೊಳ್ಳುತ್ತಾರೆ.

ಅಡಿಕೆ ತೋಟದವರಿಗೆ ಇನ್ನೊಂದು ಲೆಕ್ಕ. ಜೂನ್, ಜುಲೈಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಬಿಟ್ಟು ಹೋಗುವಂತಿಲ್ಲ. ಅಕ್ಟೋಬರ್ ಆದರೆ ಕೊಯ್ಲು ಶುರು. ಉಳಿಯುವುದು ಏಪ್ರಿಲ್ ಕೊನೆ, ಮೇ, ಇಲ್ಲವೇ ಸೆಪ್ಟೆಂಬರ್. ಅದೃಷ್ಟಕ್ಕೆ ಬಾತೂರಿಗೂ ಇವೇ ಒಳ್ಳೆಯ ತಿಂಗಳು, ಏಕೆಂದರೆ ಜುಲೈ, ಆಗಸ್ಟಿನಲ್ಲಿ ಜನಜಂಗುಳಿ ಹೆಚ್ಚು. ಆಗ ನೆತ್ತಿಯಲ್ಲಿ ನೂರಾರು ಜನ, ಹತ್ತುವಾಗ ಟಾರ್ಚುಗಳ ಸಾಲು. ನಮ್ಮಲ್ಲಿ 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ಬಂದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನರ ಮಿತಿ ತಂದಿತಲ್ಲ, ಆ ಜಾತ್ರೆಯ ನೆನಪಾಗುತ್ತದೆ.

ಯುಗಾದಿಯ ಆಸುಪಾಸಿನಲ್ಲಿ ಹೋಗುವವರು ‘ನ್ಯೇಪಿ’ ಯಾವ ದಿನ ಎಂದು ನೋಡಿಕೊಳ್ಳಿ. ಬಾಲಿಯ ಹೊಸವರ್ಷ ಅದು, ಎಣಿಕೆ ನಮ್ಮ ಪಂಚಾಂಗದ ಶಕವೇ. ಅಂದು ಇಡೀ ದ್ವೀಪ ಮೌನ: ವಿಮಾನ ನಿಲ್ದಾಣವೂ ಮುಚ್ಚುತ್ತದೆ, ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. 2026ರಲ್ಲಿ ಎರಡೂ ಮಾರ್ಚ್ 19ಕ್ಕೇ ಬಿದ್ದಿವೆ. ಕೆಲವು ವರ್ಷ ಒಂದು ತಿಂಗಳ ಅಂತರವೂ ಬರುತ್ತದೆ.

ಜ್ವಾಲಾಮುಖಿಯ ಸ್ಥಿತಿಯನ್ನು ಇಂಡೋನೇಷ್ಯಾ ಸರ್ಕಾರ ನಾಲ್ಕು ಹಂತಗಳಲ್ಲಿ ಪ್ರಕಟಿಸುತ್ತದೆ. ಒಂದನೇ ಹಂತ ಸಾಧಾರಣ; ಎರಡಕ್ಕೇರಿದರೆ ಬಾಯಿಯ ಹತ್ತಿರ ಹೋಗುವ ಯೋಚನೆ ಬಿಡಿ, ಗೈಡ್ ಎಷ್ಟೇ ಧೈರ್ಯ ಹೇಳಿದರೂ. ಬೇರೆ ದ್ವೀಪದ ಜ್ವಾಲಾಮುಖಿಯೂ ಕೆಲಸ ಕೆಡಿಸಬಹುದು: 2024ರ ನವೆಂಬರಿನಲ್ಲಿ ಫ್ಲೋರೆಸ್ ದ್ವೀಪದ ಲೆವೊತೊಬಿ ಉಗುಳಿದ ಬೂದಿಯಿಂದ ಬಾಲಿಯ ವಿಮಾನಗಳು ರದ್ದಾದವು. ಪ್ರವಾಸ ವಿಮೆ ತೆಗೆಯುವಾಗ ಜ್ವಾಲಾಮುಖಿಯ ಬೂದಿಯಿಂದಾಗುವ ವಿಳಂಬ, ಚಾರಣದಲ್ಲಿ ಆಗುವ ಪೆಟ್ಟು, ಈ ಎರಡೂ ಸೇರಿವೆಯೇ ಎಂದು ಓದಿ ನೋಡಿ.

ಊರಲ್ಲೇ ಇರುವ ಬೆಳಗು

ಸೂರ್ಯೋದಯವೇ ಬೇಕೆಂದರೆ ಮೊದಲ ಆಯ್ಕೆ ಕುಂದಾದ್ರಿ. ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಗುಡ್ಡೇಕೇರಿಯ ಬಳಿ ತಿರುಗಿದರೆ ಬಸದಿಯ ಹತ್ತಿರದವರೆಗೂ ರಸ್ತೆ, ಕಡಿದಾದ ತಿರುವುಗಳಲ್ಲಿ ಮೊದಲ ಗೇರ್ ಹಾಕಿಕೊಂಡೇ ಹೋಗಬೇಕು. ಪಾರ್ಶ್ವನಾಥ ಬಸದಿಯ ಹಿಂದಿನ ಬಂಡೆಯಿಂದ ಕೆಳಗೆ ಮಂಜಿನ ಕಡಲು. ಖರ್ಚು ಪೆಟ್ರೋಲಿನದು ಮಾತ್ರ.

ಕೊಡಚಾದ್ರಿ ಪಶ್ಚಿಮದ ಅಂಚಿನಲ್ಲಿರುವ ಗುಡ್ಡ, ಅದರ ಹೆಚ್ಚುಗಾರಿಕೆ ಅರಬ್ಬಿ ಸಮುದ್ರದ ಕಡೆಯ ಸೂರ್ಯಾಸ್ತದಲ್ಲಿದೆ. ಬೆಳಗು ನೋಡಬೇಕಾದರೆ ಮೇಲೇ ಉಳಿದಿರಬೇಕು, ಮೂಕಾಂಬಿಕಾ ವನ್ಯಧಾಮದ ಕಾಡಿನಲ್ಲಿ ರಾತ್ರಿ ನಡಿಗೆ ಸಲ್ಲದು. ಮುಳ್ಳಯ್ಯನಗಿರಿಯಲ್ಲೂ ತನಿಖಾ ಗೇಟು ಬೆಳಿಗ್ಗೆ ತೆಗೆಯುವ ಹೊತ್ತನ್ನು ಮೊದಲೇ ಕೇಳಿಕೊಳ್ಳದಿದ್ದರೆ ಸೂರ್ಯ ನಿಮಗಿಂತ ಮುಂಚೆ ಹತ್ತಿರುತ್ತಾನೆ. ಕತ್ತಲಲ್ಲಿ ಹತ್ತಿ ನೆತ್ತಿಯಲ್ಲಿ ಬೆಳಗು ನೋಡುವ ಅನುಭವ ನಮ್ಮಲ್ಲಿ ನಿಯಮದೊಳಗೆ ಸಿಗುವುದು ಕಷ್ಟ. ಬಾತೂರಿನ ಪರವಾಗಿ ಇದೂ ಒಂದು ಮಾತು.

ದುಡ್ಡು ಕಟ್ಟುವ ಮುನ್ನ

ಬುಕ್ ಮಾಡುವವರ ಹತ್ತಿರ ಈ ಮಾತುಗಳಿಗೆ ಬರವಣಿಗೆಯಲ್ಲೇ ಉತ್ತರ ಪಡೆಯಿರಿ: ಒಬ್ಬ ಗೈಡ್‌ಗೆ ಎಷ್ಟು ಜನ (ಐದಕ್ಕಿಂತ ಹೆಚ್ಚು ಬೇಡ), ನೆತ್ತಿಯವರೆಗೆ ಹೋಗುತ್ತೀರೋ, ಕೆಳಗಿನ ನೋಟದ ಜಾಗದಲ್ಲೇ ನಿಲ್ಲಿಸುತ್ತೀರೋ, ಬಾಯಿಯ ಸುತ್ತು ಸೇರಿದೆಯೋ, ನನ್ನನ್ನು ಹತ್ತಿಸಿಕೊಂಡ ಮೇಲೆ ಇನ್ನೆಷ್ಟು ಹೋಟೆಲ್, ಮಳೆ ಬಂದರೆ ದಿನ ಬದಲಿಸುತ್ತೀರೋ. ಮೋಡ ಮುಚ್ಚಿದ್ದಕ್ಕೆ ಯಾರೂ ದುಡ್ಡು ವಾಪಸ್ ಕೊಡುವುದಿಲ್ಲ, ಕೇಳುವುದೂ ಸರಿಯಲ್ಲ.

ಇಳಿದ ಮೇಲೆ ತೋಯಾ ಬುಂಕಾದ ಬಿಸಿನೀರಿನ ಕೊಳದಲ್ಲಿ ಅರ್ಧ ಗಂಟೆ ಕೂರುವುದಕ್ಕೆ ಹೆಚ್ಚುವರಿ ದುಡ್ಡು ಕೊಟ್ಟರೂ ನಷ್ಟವಿಲ್ಲ. ಕೊಳಕ್ಕೆ ಬಟ್ಟೆ ಬೇರೆ ಇರಲಿ. ವಾಪಸ್ ಬರುವಾಗ ಗಾಡಿಯವನು ಕಾಫಿ ತೋಟವೊಂದರ ಮುಂದೆ ನಿಲ್ಲಿಸುವ ಸಾಧ್ಯತೆ ಬಹಳ: ಪುನುಗು ಬೆಕ್ಕು ತಿಂದು ಹಾಕಿದ ಬೀಜದ ಕಾಫಿ, ಭಾರೀ ಬೆಲೆ. ತೋಟದಲ್ಲಿ ಆ ಬೆಕ್ಕಿನ ಹಿಕ್ಕೆ ಕಂಡು ಬೆಳೆದ ಮಲೆನಾಡಿನವರಿಗೆ ಅದರಲ್ಲಿ ಬೆರಗೇನೂ ಇರಲಾರದು. ಪಂಜರದಲ್ಲಿ ಕೂಡಿಹಾಕಿದ ಬೆಕ್ಕು ಕಂಡರೆ ಕೊಳ್ಳದೆ ಬನ್ನಿ. ನಿಲ್ಲಿಸುವುದು ಬೇಡವೆಂದು ಬೆಳಿಗ್ಗೆ ಗಾಡಿ ಹತ್ತುವಾಗಲೇ ಹೇಳಿದರೆ ಒಂದು ಗಂಟೆ ಮುಂಚೆ ಹೋಟೆಲು ಸೇರಬಹುದು. ಆ ದಿನ ಮಧ್ಯಾಹ್ನಕ್ಕೆ ಬೇರೆ ಯಾವ ಟಿಕೆಟ್ಟನ್ನೂ ಇಟ್ಟುಕೊಳ್ಳಬೇಡಿ, ಬಾಡಿಗೆ ಸ್ಕೂಟರನ್ನಂತೂ ಮುಟ್ಟಲೇಬೇಡಿ.